ಜಪಾನ್ ಕ್ರೂಸ್: ರೇಟಿಗಿಂತ ಮೊದಲು ರೂಟು ನೋಡಿ

ಜಪಾನಿಗೆ ಕ್ರೂಸ್ ಹೋಗಬೇಕೆಂದವರು ಸಾಮಾನ್ಯವಾಗಿ ಮೊದಲು ಹಡಗಿನ ಫೋಟೋ ನೋಡುತ್ತಾರೆ, ಆಮೇಲೆ ರೇಟು. ಆದರೆ ವೀಸಾ, ಖರ್ಚು, ಊರು ಸುತ್ತಲು ಸಿಗುವ ಸಮಯ ಇವೆಲ್ಲ ನಿಂತಿರುವುದು ರೂಟಿನ ಮೇಲೆ.

ಟೋಕಿಯೋ ಪಕ್ಕದ ಯೊಕೊಹಾಮಾದಲ್ಲಿ ವಿದೇಶಿ ಹಡಗು ಹತ್ತಿ ಅಲ್ಲೇ ಇಳಿಯುವ ಪ್ರವಾಸದ ನಡುವೆ ದಕ್ಷಿಣ ಕೊರಿಯಾದ ಬುಸಾನ್ ಅಥವಾ ತೈವಾನಿನ ಕೀಲುಂಗ್ ಹೀಗೆ ಯಾವುದಾದರೂ ಹೊರದೇಶದ ಬಂದರು ಇದ್ದೇ ಇರುತ್ತದೆ. ಕಂಪನಿಯವರು ಪ್ರೀತಿಯಿಂದ ಸೇರಿಸಿದ್ದೇನಲ್ಲ. ವಿದೇಶಿ ಬಾವುಟದ, ಅಂದರೆ ಬೇರೆ ದೇಶದಲ್ಲಿ ನೋಂದಣಿಯಾದ ಹಡಗು ಜಪಾನಿನ ಬಂದರುಗಳ ನಡುವೆಯಷ್ಟೇ ಪ್ರಯಾಣಿಕರನ್ನು ಸಾಗಿಸಲು ಅಲ್ಲಿನ ಕಾನೂನು ಬಿಡುವುದಿಲ್ಲ. ಪೆಟ್ಟು ಬೀಳುವುದು ವೀಸಾಗೆ. ಬುಸಾನಿಗೆ ಹೋದಾಗ ನೀವು ಜಪಾನ್ ಬಿಟ್ಟಂತೆ. ಅಲ್ಲಿಂದ ನಾಗಾಸಾಕಿಗೆ ಬಂದರೆ ಅದು ಎರಡನೇ ಪ್ರವೇಶ. ಭಾರತೀಯ ಪಾಸ್‌ಪೋರ್ಟ್‌ನವರಿಗೆ ಸಿಗುವ ಪ್ರವಾಸಿ ಇ-ವೀಸಾ ಸಿಂಗಲ್ ಎಂಟ್ರಿಯದು. ಆದ್ದರಿಂದ ಕ್ರೂಸಿನ ದಿನವಾರು ಪಟ್ಟಿ ಜೊತೆಗಿಟ್ಟು ಡಬಲ್ ಅಥವಾ ಮಲ್ಟಿಪಲ್ ಎಂಟ್ರಿ ವೀಸಾಗೆ ಅರ್ಜಿ ಹಾಕಿ. ಕೊರಿಯಾ, ತೈವಾನಿನ ನಿಯಮ ಬೇರೆಯೇ. ಕೆಳಗಿಳಿಯದೆ ಹಡಗಿನಲ್ಲೇ ಕೂತಿದ್ದರೂ ವೀಸಾ ಕೇಳುತ್ತಾರೋ ಎಂದು ಕ್ರೂಸ್ ಕಂಪನಿಯಿಂದಲೇ ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಏಜೆಂಟ್ ಬಾಯಿಮಾತಿನಲ್ಲಿ ‘ಏನೂ ಆಗಲ್ಲ ಸಾರ್’ ಅಂದದ್ದು ಚೆಕ್-ಇನ್ ಕೌಂಟರಿನಲ್ಲಿ ನಡೆಯುವುದಿಲ್ಲ. ಕಾಗದಪತ್ರ ಸರಿಯಿಲ್ಲವೆಂದು ಹತ್ತಿಸಿಕೊಳ್ಳದಿದ್ದರೆ ಕಟ್ಟಿದ ದುಡ್ಡೂ ವಾಪಸ್ ಬರುವುದಿಲ್ಲ.

ಇನ್ನು ಬಂದರಿನ ಹೆಸರುಗಳು. ಪಟ್ಟಿಯಲ್ಲಿ ‘ಕ್ಯೋಟೋ’ ಎಂದು ದೊಡ್ಡದಾಗಿ ಬರೆದು ಪಕ್ಕದಲ್ಲಿ ಸಣ್ಣಗೆ ‘ಮೈಜುರು’ ಎಂದಿರುತ್ತದೆ. ಮೈಜುರು ಇರುವುದು ಜಪಾನ್ ಸಮುದ್ರದ ದಂಡೆಯಲ್ಲಿ. ಅಲ್ಲಿಂದ ಕ್ಯೋಟೋ ನಗರಕ್ಕೆ ಎಕ್ಸ್‌ಪ್ರೆಸ್ ರೈಲಿನಲ್ಲೇ ಸುಮಾರು ಒಂದೂವರೆ ಗಂಟೆ. ಬೆಳಿಗ್ಗೆ 8ಕ್ಕೆ ಬಂದು ಸಂಜೆ 5ಕ್ಕೆ ಹೊರಡುವ ಹಡಗಾದರೆ, ಇಳಿಯುವ ಸಾಲು, ಹೋಗಿಬರುವ ಮೂರು ಗಂಟೆ, ಹೊರಡುವ ಮೊದಲೇ ಹತ್ತಿರಬೇಕಾದ ಅರ್ಧ-ಒಂದು ಗಂಟೆ ಎಲ್ಲ ಕಳೆದರೆ ಒಂದೆರಡು ದೇವಾಲಯ ಮುಗಿಸುವಷ್ಟರಲ್ಲಿ ದಿನ ಮುಗಿಯುತ್ತದೆ. ಕ್ಯೋಟೋ ನೋಡಲೇಬೇಕಿದ್ದರೆ ಕ್ರೂಸಿಗೆ ಮೊದಲೋ ನಂತರವೋ ಎರಡು ದಿನ ಬೇರೆಯಾಗಿ ಇಡಿ. ಮೈಜುರುವಿನಲ್ಲಿ ಇಳಿದ ದಿನ ಹತ್ತಿರದ ಅಮನೊಹಾಶಿದತೆ ಎಂಬ ಮರಳು ದಿಣ್ಣೆ ನೋಡಿದರೆ ಸಾಕು. ‘ಮೌಂಟ್ ಫುಜಿ’ ಎಂದು ಹಾಕಿರುವ ಶಿಮಿಜು ಬಂದರಿನಿಂದ ಫುಜಿ ಚೆನ್ನಾಗಿಯೇ ಕಾಣುತ್ತದೆ, ಮೋಡ ಇಲ್ಲದಿದ್ದರೆ. ಜಪಾನಿನ ಬೇಸಿಗೆಯಲ್ಲಿ (ಜೂನ್-ಆಗಸ್ಟ್) ಆ ನಂಬಿಕೆ ಬೇಡ.

ನಾಗಾಸಾಕಿ ಇದಕ್ಕೆ ಉಲ್ಟಾ. ಮತ್ಸುಗಾಯೆ ಧಕ್ಕೆಯಿಂದ ಓಉರಾ ಚರ್ಚು, ಗ್ಲೋವರ್ ಗಾರ್ಡನ್ ನಡೆದು ಹೋಗುವ ದೂರ, ಟ್ರಾಮ್ ಕೂಡ ಹತ್ತಿರ. ಕಂಪನಿಯವರೇ ಊರು ಸುತ್ತಿಸುವ ಶೋರ್ ಎಕ್ಸ್‌ಕರ್ಷನ್‌ಗೆ ದುಡ್ಡು ಸುರಿಯುವ ಅಗತ್ಯ ಅಲ್ಲಿಲ್ಲ. ಅದನ್ನು ಮೈಜುರುವಿನಂಥ ದೂರದ ಜಾಗಕ್ಕೆ ಉಳಿಸಿಕೊಳ್ಳಿ: ಕಂಪನಿಯ ಬಸ್ಸು ತಡವಾದರೆ ಹಡಗು ಕಾಯುತ್ತದೆ, ನೀವು ಹಿಡಿದ ರೈಲು ತಡವಾದರೆ ಕಾಯುವುದಿಲ್ಲ.

ಹತ್ತುವ ಜಾಗವನ್ನೂ ಬರೀ ‘ಯೊಕೊಹಾಮಾ’ ಎಂದುಕೊಂಡು ಬಿಡಬೇಡಿ. ಓಸಾಂಬಾಶಿ ಧಕ್ಕೆಗೆ ನಿಹೊನ್-ಓದೊರಿ ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ಆದರೆ ಅಲ್ಲಿಗೆ ಬರುವ ಹಡಗು ದಾಟಬೇಕಾದ ಬೇ ಬ್ರಿಜ್‌ನ ಕೆಳಗಿನ ಎತ್ತರ ಸುಮಾರು 55 ಮೀಟರ್. ಅದರಡಿ ನುಸುಳಲಾಗದ ದೊಡ್ಡ ಹಡಗುಗಳು ಸೇತುವೆಯ ಹೊರಗಿನ ದೈಕೊಕು ಧಕ್ಕೆಯಲ್ಲಿ ನಿಲ್ಲುತ್ತವೆ. ಅಲ್ಲಿಗೆ ರೈಲಿಲ್ಲ, ಸೂಟ್‌ಕೇಸ್ ಎಳೆದುಕೊಂಡು ಟ್ಯಾಕ್ಸಿ ಅಥವಾ ಶಟಲ್ ಬಸ್ಸೇ ಗತಿ. ಟೋಕಿಯೋದ ಹೊಸ ಟರ್ಮಿನಲ್ಲನ್ನು 2020ರಲ್ಲಿ ಓದೈಬಾ ಬಳಿ ತೆರೆದದ್ದೂ ಇದೇ ಕಾರಣಕ್ಕೆ, ಅಲ್ಲಿ ಅಡ್ಡಿ ರೇನ್‌ಬೋ ಬ್ರಿಜ್.

ಕಾಲದ ವಿಷಯ ಚಿಕ್ಕದು. ಜೂನ್‌ನಿಂದ ಜುಲೈ ನಡುವಿನವರೆಗೆ ಮಳೆ, ಆಗಸ್ಟ್-ಸೆಪ್ಟೆಂಬರ್ ಚಂಡಮಾರುತ. ಗಾಳಿ ಜೋರಾದರೆ ಕ್ಯಾಪ್ಟನ್ ಬಂದರನ್ನೇ ಬಿಟ್ಟು ಮುಂದೆ ಹೋಗಬಹುದು. ಆಗ ಬಂದರು ಶುಲ್ಕವಷ್ಟೇ ಮರಳುತ್ತದೆ, ಟಿಕೆಟ್ ಹಣವಲ್ಲ.

ಸಸ್ಯಾಹಾರಿಗಳಿಗೆ ಹಡಗಿನೊಳಗೆ ತೊಂದರೆ ಕಡಿಮೆ, ಬುಕ್ ಮಾಡುವಾಗಲೇ ತಿಳಿಸಿದರಾಯಿತು. ಹೊರಗೆ ಬರೀ ತರಕಾರಿ ಉದೋನ್ (ದಪ್ಪ ಗೋಧಿ ನೂಡಲ್ಸ್) ಅಂತ ಕಂಡರೂ ಸಾರಿನಲ್ಲಿ ಸಾಮಾನ್ಯವಾಗಿ ದಾಶಿ ಎಂಬ ಒಣಮೀನಿನ ರಸ ಇರುತ್ತದೆ. ಹಾಗೆಂದು ಬಫೆಯಿಂದ ಹಣ್ಣು ಕಟ್ಟಿಕೊಂಡು ಇಳಿಯಬೇಡಿ, ಮಾಂಸ ತಿನ್ನುವವರು ಹ್ಯಾಮ್ ಸ್ಯಾಂಡ್‌ವಿಚ್ಚನ್ನೂ ಒಯ್ಯಬೇಡಿ. ಮಾಂಸ, ಹಣ್ಣಿನ ಮೇಲೆ ಜಪಾನಿನಲ್ಲಿ ಕ್ವಾರಂಟೈನ್ ತಪಾಸಣೆ ಬಿಗಿ.

ಔಷಧಿಯಲ್ಲಿ ಇನ್ನೂ ಎಚ್ಚರ ಬೇಕು. ಸೂಡೋಎಫೆಡ್ರಿನ್ ಶೇ. 10ಕ್ಕಿಂತ ಹೆಚ್ಚಿರುವ ನೆಗಡಿ ಮಾತ್ರೆ ಅಲ್ಲಿ ನಿಷಿದ್ಧ. ಡಾಕ್ಟರ್ ಬರೆದುಕೊಟ್ಟ ಔಷಧಿ ಒಂದು ತಿಂಗಳ ಅಳತೆ ಮೀರಿದರೆ ಹೊರಡುವ ಮೊದಲೇ ಯುನ್ಯು ಕಾಕುನಿನ್-ಶೋ ಎಂಬ ಅನುಮತಿ ಪತ್ರ ಪಡೆಯಬೇಕು.

ಕೀಲುಂಗ್‌ಗೆ ಹೋಗುವ ಹಡಗಾದರೆ ಗಡಿಯಾರ ನೋಡಿಕೊಳ್ಳಿ. ತೈವಾನ್ ಜಪಾನಿಗಿಂತ ಒಂದು ಗಂಟೆ ಹಿಂದೆ. ಹಡಗು ಜಪಾನ್ ಸಮಯದಲ್ಲೇ ಉಳಿದು ನಿಮ್ಮ ಫೋನ್ ತಾನಾಗಿ ಬದಲಾದರೆ, ಫೋನಿನಲ್ಲಿ 4 ಗಂಟೆ ಆದಾಗ ಹಡಗಿನಲ್ಲಿ 5 ಆಗಿರುತ್ತದೆ. ಬುಸಾನಿನಲ್ಲಿ ಈ ರಗಳೆ ಇಲ್ಲ.

ವಿಮಾನಕ್ಕೆ ಬಂದರೆ, ಹಡಗು ಹೊರಡುವ ಹಿಂದಿನ ದಿನವೇ ಜಪಾನ್ ಸೇರಿ. ವಾಪಸಾಗುವಾಗ ಟೋಕಿಯೋದ ಎರಡು ವಿಮಾನ ನಿಲ್ದಾಣಗಳಲ್ಲಿ ಹನೇದಾದಿಂದ ಟಿಕೆಟ್ ಸಿಕ್ಕರೆ ಒಳ್ಳೆಯದು, ಯೊಕೊಹಾಮಾದಿಂದ ರೈಲಿನಲ್ಲಿ ಅರ್ಧ ಗಂಟೆ. ಇನ್ನೊಂದಾದ ನರಿತಾಗೆ ಒಂದೂವರೆ ಗಂಟೆ ಹಿಡಿಯುತ್ತದೆ. ಲಗೇಜು, ಕಸ್ಟಮ್ಸ್ ಸಾಲು ಸೇರಿಸಿದರೆ ಮಧ್ಯಾಹ್ನ 2ರ ನಂತರದ ವಿಮಾನವೇ ಸರಿ.