ಲಿಪಿಕಾರನನ್ನು ತಿದ್ದುವ ಮುಂಚೆ

ಜರ್ಮನಿಯ ಒಂದು ವಿಶ್ವವಿದ್ಯಾಲಯದಲ್ಲಿ ನನ್ನ ಕೆಲಸ. ಮಧ್ಯಯುಗದ ಜರ್ಮನ್ ಹಸ್ತಪ್ರತಿಗಳನ್ನು ಓದಿ, ಕಂಪ್ಯೂಟರಿನಲ್ಲಿ ಹುಡುಕುವ ಹಾಗೆ, ಹೋಲಿಸಿ ನೋಡುವ ಹಾಗೆ ಸಿದ್ಧ ಮಾಡುವ ತಂಡದಲ್ಲಿದ್ದೇನೆ. ಊರಿಗೆ ಬಂದಾಗ ಯಾರಾದರೂ ಕೇಳಿದರೆ ‘ಗ್ರಂಥಸಂಪಾದನೆ’ ಅನ್ನುತ್ತೇನೆ. ಪಾಠಾಂತರ, ಲಿಪಿಕಾರ, ಹಸ್ತಪ್ರತಿ ಎಲ್ಲ ಅಲ್ಲಿಯೂ ಇವೆ, ಇಲ್ಲಿಯೂ ಇವೆ. ನಮ್ಮಲ್ಲಿ ಓಲೆಗರಿ ಇರುವ ಕಡೆ ಜರ್ಮನಿಯಲ್ಲಿ ಚರ್ಮದ ಹಾಳೆ, ಅಷ್ಟೇ.

ಈ ಕೆಲಸದಲ್ಲಿ ನಾನು ಕಲಿತದ್ದು ಇದು: ಕಣ್ಣಿಗೆ ಕಂಡದ್ದನ್ನು ಒಂದು ಕಡೆ ಬರೆಯಬೇಕು, ನಮಗೆ ಅರ್ಥವಾದದ್ದನ್ನು ಇನ್ನೊಂದು ಕಡೆ ಬರೆಯಬೇಕು. ಎರಡನ್ನೂ ಬೆರೆಸಬಾರದು. ಕೇಳೋಕೆ ಸುಲಭ. ಮಾಡಲು ಕೂತರೆ ಸಾಲು ಸಾಲಿಗೂ ಕೈ ತಡೆಯುತ್ತದೆ.

ಹೊಸಬರು ಬಂದರೆ ನಾವು ಮೊದಲು ಕೊಡುವುದು ‘ಹಿಲ್ಡೆಬ್ರಾಂಡ್ಸ್‌ಲೀಡ್’, ಅಂದರೆ ಹಿಲ್ಡೆಬ್ರಾಂಡನ ಹಾಡು. ಹಳೆಯ ಜರ್ಮನ್ನಿನಲ್ಲಿ ಉಳಿದಿರುವ ವೀರಗಾಥೆ ಇದೊಂದೇ. ಬರೀ 68 ಸಾಲು. ಮೂವತ್ತು ವರ್ಷ ದೇಶ ಬಿಟ್ಟಿದ್ದ ತಂದೆ ಎರಡು ಸೈನ್ಯಗಳ ನಡುವೆ ತನ್ನ ಮಗನಿಗೇ ಎದುರಾಗುತ್ತಾನೆ. ತಂದೆಗೆ ಗುರುತು ಸಿಗುತ್ತದೆ. ಅಪ್ಪ ಸತ್ತುಹೋಗಿದ್ದಾನೆ ಎಂದು ನಂಬಿರುವ ಮಗ ಒಪ್ಪುವುದಿಲ್ಲ. ಬಭ್ರುವಾಹನ ಮತ್ತು ಅರ್ಜುನರ ಕಾಳಗ ಕೇಳಿ ಬೆಳೆದ ನಮಗೆ ಇದನ್ನು ಓದಿದರೆ ಹೊಟ್ಟೆಯಲ್ಲಿ ಕಲಸಿದ ಹಾಗಾಗುತ್ತದೆ. ನನಗಂತೂ ಇವತ್ತಿಗೂ ಆಗುತ್ತದೆ.

ಈ ಹಾಡು ಉಳಿದದ್ದೇ ಆಶ್ಚರ್ಯ. ಜರ್ಮನಿಯ ಫುಲ್ಡಾ ಮಠದ ಒಂದು ಧಾರ್ಮಿಕ ಗ್ರಂಥದಲ್ಲಿ ಮೊದಲ ಹಾಳೆಯ ಹೊರಬದಿ, ಕೊನೆಯ ಹಾಳೆಯ ಹೊರಬದಿ ಖಾಲಿ ಇದ್ದವು. 830ರ ದಶಕದ ಹೊತ್ತಿಗೆ ಇಬ್ಬರು ಲಿಪಿಕಾರರು ಅಲ್ಲಿ ಇದನ್ನು ಬರೆದರು. ಎರಡನೆಯವನು ಬರೆದದ್ದು ಎರಡನೇ ಪುಟದ ಮೊದಲ ಏಳೂವರೆ ಸಾಲು ಮಾತ್ರ. ಪದ್ಯದ ಸಾಲು ಒಡೆದಿಲ್ಲ, ಗದ್ಯದ ಹಾಗೆ ಅಂಚಿನಿಂದ ಅಂಚಿಗೆ ತುಂಬಿಸಿದ್ದಾರೆ. ಇದು ಪದ್ಯ ಅಂತ ಗುರುತಿಸಿ 1812ರಲ್ಲಿ ಅಚ್ಚು ಹಾಕಿಸಿದವರು ಗ್ರಿಮ್ ಸಹೋದರರು. ಹೌದು, ಮಕ್ಕಳ ಕಥೆಗಳ ಅದೇ ಗ್ರಿಮ್.

ಈಗ ಪುಟದ ಹತ್ತಿರ ಹೋಗೋಣ. ಕಥೆಯಲ್ಲಿ ಥಿಯೋಡರಿಕ್ ಎಂಬ ರಾಜನ ಹೆಸರು ಬರುತ್ತದೆ. ಪದ್ಯದ ಲೆಕ್ಕದ 19ನೇ ಸಾಲಿನಲ್ಲಿ ಅವನು ‘ಥಿಯೋಟ್ರಿಹ್ಹೆ’. 23ರಲ್ಲಿ ‘ಡೆಟ್ರಿಹ್ಹೆ’. 26ರಲ್ಲಿ ‘ಡೆಯೋಟ್ರಿಖ್ಹೆ’. ಎಂಟು ಸಾಲಿನೊಳಗೆ ಒಬ್ಬನೇ ಮನುಷ್ಯನಿಗೆ ಮೂರು ಕಾಗುಣಿತ. ಧಾರವಾಡದ ಕಡೆಯ ಹುಡುಗನೊಬ್ಬ ಇಲ್ಲಿ ಓದಲು ಬಂದವನು, ನಮ್ಮಲ್ಲಿ ಅರೆಕಾಲಿಕ ಕೆಲಸಕ್ಕೆ ಸೇರಿದ್ದ. ಇದನ್ನು ನೋಡಿದ ತಕ್ಷಣ ಕೇಳಿದ:

“ಅಕ್ಕಾರ, ಇವ ಒಬ್ಬನ ಅಲ್ರೀ? ಮೂರೂ ಕಡೆ ಒಂದ ನಮೂನಿ ಮಾಡಿಬಿಡ್ಲೇನ್ರಿ?”

ಕೇಳಿದ್ದು ಸರಿಯಾಗಿಯೇ ಇತ್ತು. ಒಂದೇ ಥರ ಮಾಡದಿದ್ದರೆ ಹೆಸರು ಹಾಕಿ ಹುಡುಕುವ ಓದುಗನಿಗೆ ಒಂದು ಸಿಗುತ್ತದೆ, ಎರಡು ಸಿಗುವುದಿಲ್ಲ. “ಮಾಡಪ್ಪ, ಆದರೆ ಪಕ್ಕದಲ್ಲಿ ಮಾಡು. ಅವನು ಬರೆದದ್ದನ್ನು ಮುಟ್ಟಬೇಡ” ಅಂದೆ. ಡಿಜಿಟಲ್ ಸಂಪಾದನೆಯ ದೊಡ್ಡ ಅನುಕೂಲವೇ ಇದು. ಅಚ್ಚಿನ ಪುಸ್ತಕದಲ್ಲಿ ಒಂದನ್ನು ಮೇಲಿಟ್ಟು ಉಳಿದದ್ದನ್ನು ಅಡಿಟಿಪ್ಪಣಿಗೆ ತಳ್ಳಬೇಕಿತ್ತು. ಈಗ ಟಿಇಐ ಎಂಬ ಗುರುತುಗಳ ಪದ್ಧತಿಯಲ್ಲಿ ಒಂದೇ ಜಾಗಕ್ಕೆ ಮೂಲ ಕಾಗುಣಿತವನ್ನೂ ಏಕರೂಪದ ಕಾಗುಣಿತವನ್ನೂ ಜೊತೆಜೊತೆಗೆ ಇಡಬಹುದು. ಹಳೆಯ ನಾರ್ಡಿಕ್ ಪಠ್ಯಗಳ ಮೆನೋಟಾ ಸಂಗ್ರಹದವರು ಇನ್ನೂ ಮುಂದೆ ಹೋಗಿ ಮೂರು ಪದರ ಮಾಡಿಕೊಂಡಿದ್ದಾರೆ. ಮೊದಲನೆಯದರಲ್ಲಿ ಅಕ್ಷರದ ಆಕಾರ ಕಂಡ ಹಾಗೆಯೇ. ಎರಡನೆಯದರಲ್ಲಿ ಸಂಕ್ಷೇಪಗಳನ್ನು ಬಿಡಿಸಿ. ಮೂರನೆಯದರಲ್ಲಿ ಕಾಗುಣಿತವನ್ನು ಒಂದು ನಿಯಮಕ್ಕೆ ತಂದು. ಯಾರಿಗೆ ಯಾವುದು ಬೇಕೋ ಅದನ್ನು ತೆರೆದು ಓದಬಹುದು.

ಅಷ್ಟು ಕಷ್ಟ ಯಾಕೆ ಅಂತ ಅನ್ನಿಸಬಹುದು. ಉತ್ತರ 66ನೇ ಸಾಲಿನಲ್ಲಿದೆ.

ಹಾಡಿನ ಭಾಷೆ ಕಲಬೆರಕೆ. ‘ನಾನು’ ಅನ್ನುವುದು ಒಂದು ಕಡೆ ಜರ್ಮನ್ ನಾಡಿನ ಉತ್ತರದವರ ‘ಇಕ್’, ಇನ್ನೊಂದು ಕಡೆ ದಕ್ಷಿಣದವರ ‘ಇಹ್’. ದಕ್ಷಿಣದಲ್ಲಿ ‘ತ್ಸ್’ ಥರದ ಸದ್ದು ಬರುವ ಎಷ್ಟೋ ಕಡೆ ಉತ್ತರದಲ್ಲಿ ‘ಟ್’ ಬರುತ್ತದೆ. 66ನೇ ಸಾಲಿನಲ್ಲಿ ತಂದೆ ಮಗ ಬಿಳಿ ಗುರಾಣಿಗಳನ್ನು ಕಡಿದುಹಾಕುತ್ತಾರೆ. ಅಲ್ಲಿ ‘ಬಿಳಿ’ ಅನ್ನುವ ಪದಕ್ಕೆ ‘ಹುಯಿಟ್ಟೆ’ ಅಂತ ಎರಡು ಟಕಾರ ಇವೆ. ಉತ್ತರದವರ ನಿಜವಾದ ಮಾತಿನಲ್ಲಿ ಒಂದೇ ಟಕಾರ. ದಕ್ಷಿಣದ ಕಾಗುಣಿತದಲ್ಲಿ ಜೋಡಿ ಅಕ್ಷರ ಇತ್ತು. ಯಾರೋ ಅದನ್ನು ಉತ್ತರದ ಮಾತಿಗೆ ತಿರುಗಿಸಲು ಹೊರಟು, ಜೋಡಿಗೆ ಜೋಡಿ ಅಂತ ಲೆಕ್ಕ ಹಾಕಿ ಎರಡು ಟಕಾರ ಇಟ್ಟಿದ್ದಾರೆ. ಹಾಡು ಮೊದಲು ದಕ್ಷಿಣದ ಮಾತಿನಲ್ಲಿತ್ತು, ಆಮೇಲೆ ಅದಕ್ಕೆ ಉತ್ತರದ ಬಣ್ಣ ಬಳಿದರು ಅಂತ ಹೆಚ್ಚಿನ ವಿದ್ವಾಂಸರು ಹೇಳುವುದು ಇಂಥ ಸುಳಿವುಗಳ ಮೇಲೆಯೇ. ‘ಕಾಗುಣಿತದ ತಪ್ಪು’ ಅಂತ ಒಂದು ಟಕಾರ ಅಳಿಸಿಬಿಟ್ಟರೆ ಸಾಲು ಚೆನ್ನಾಗಿ ಕಾಣುತ್ತದೆ. ಹಾಡು ನಡೆದು ಬಂದ ದಾರಿ ಮಾತ್ರ ಅಲ್ಲಿಗೇ ಅಳಿಸಿಹೋಗುತ್ತದೆ.

ಯಂತ್ರದ ವಿಷಯದಲ್ಲೂ ಇದೇ ಎಚ್ಚರ ಬೇಕು. ಕೈಬರಹ ಓದುವ ಸಾಫ್ಟ್‌ವೇರ್ ಈಗ ಬಹಳ ಚೆನ್ನಾಗಿದೆ, ನಮ್ಮ ಕೆಲಸ ಅದರಿಂದ ಎಷ್ಟೋ ಹಗುರವಾಗಿದೆ. ಆದರೆ ಈ ಪುಟದಲ್ಲಿ ‘ವಿನ್’ ಎಂಬ ಅಕ್ಷರ ಇದೆ. ವಕಾರಕ್ಕೆ ಇಂಗ್ಲೆಂಡಿನವರು ಬಳಸುತ್ತಿದ್ದ ಹಳೆಯ ಅಕ್ಷರ, ನೋಡಲು ರೋಮನ್ ಪಿ ಥರವೇ. ಆ ಅಕ್ಷರ ಕಲಿಯದ ಯಂತ್ರ ಅದನ್ನು ಪಿ ಅಂತಲೇ ಓದುತ್ತದೆ, ಅನುಮಾನವೇ ಇಲ್ಲದೆ. ಅದನ್ನೆಲ್ಲ ಸುಮ್ನೆ ಡಬ್ಲ್ಯೂ ಮಾಡಿ ಮುಗಿಸಿದರೂ ನಷ್ಟವೇ. ಜರ್ಮನ್ ಹಾಡಿನಲ್ಲಿ ಇಂಗ್ಲೆಂಡಿನ ಅಕ್ಷರ ಬಂದದ್ದು ಹೇಗೆ? ಫುಲ್ಡಾ ಮಠ 744ರಲ್ಲಿ ಶುರುವಾದದ್ದು ಇಂಗ್ಲೆಂಡಿನಿಂದ ಬಂದ ಬಾನಿಫೇಸನ ಮುಂದಾಳತ್ವದಲ್ಲಿ. ಬರವಣಿಗೆಯ ರೂಢಿಯೂ ಅವರ ಜೊತೆ ಬಂತು. ಆ ನಂಟು ಆ ಅಕ್ಷರದಲ್ಲಿ ಕೂತಿದೆ. ಯೂನಿಕೋಡ್‌ನಲ್ಲಿ ವಿನ್‌ಗೆ ಅದರದೇ ಜಾಗ ಇದೆ, ಹಾಗಾಗಿ ಬಿಡಲು ನೆಪವೂ ಇಲ್ಲ.

ಪುಟದಲ್ಲಿ ಕಂದು ಕಲೆಗಳೂ ಇವೆ. 19ನೇ ಶತಮಾನದಲ್ಲಿ ಮಸುಕಾದ ಶಾಯಿ ಕಾಣಲಿ ಅಂತ ರಾಸಾಯನಿಕ ಹಚ್ಚಿದ್ದರ ಗುರುತು ಅವು. ಅಲ್ಲಿ ‘ಅಸ್ಪಷ್ಟ’ ಅಂತ ಗುರುತು ಹಾಕುವುದೋ, ‘ಸಂಪಾದಕ ತುಂಬಿಸಿದ್ದು’ ಅಂತ ಹಾಕುವುದೋ ಎಂಬುದರ ಮೇಲೆ ನಮ್ಮಲ್ಲಿ ಜಾಸ್ತಿ ಚರ್ಚೆ. ಅರ್ಧ ಕಂಡ ಅಕ್ಷರ ಬೇರೆ, ಕಾಣದೇ ಊಹಿಸಿದ ಅಕ್ಷರ ಬೇರೆ.

ಈ ವ್ಯತ್ಯಾಸದ ಬೆಲೆ ಗೊತ್ತಾಗುವುದು ‘ಬಿಯೋವುಲ್ಫ್’ ಕಾವ್ಯದ ಕಡೆ ನೋಡಿದರೆ. ಹಳೆಯ ಇಂಗ್ಲಿಷಿನ ಆ ಕಾವ್ಯಕ್ಕೆ ಇರುವುದು ಒಂದೇ ಹಸ್ತಪ್ರತಿ. 1731ರಲ್ಲಿ ಲಂಡನ್ನಿನ ಆಶ್‌ಬರ್ನ್‌ಹ್ಯಾಮ್ ಹೌಸ್‌ಗೆ ಬೆಂಕಿ ಬಿದ್ದಾಗ ಅದರ ಅಂಚುಗಳು ಸುಟ್ಟವು, ಆಮೇಲೆ ವರ್ಷ ಕಳೆದ ಹಾಗೆ ಉದುರುತ್ತಾ ಹೋದವು. 1787ರ ಹೊತ್ತಿಗೆ ಥೋರ್ಕೆಲಿನ್ ಎಂಬ ಐಸ್‌ಲ್ಯಾಂಡಿನ ವಿದ್ವಾಂಸ ಎರಡು ನಕಲು ಮಾಡಿಸಿಕೊಂಡ. ಒಂದನ್ನು ಬರೆದವನು ಸಂಬಳದ ನಕಲುಗಾರ, ಆ ಭಾಷೆ ಬಾರದವನು. ಇನ್ನೊಂದನ್ನು ಬರೆದವನು ಥೋರ್ಕೆಲಿನ್‌ನೇ. ಇವತ್ತು ಉದುರಿಹೋದ ಅಂಚಿನ ಎಷ್ಟೋ ಅಕ್ಷರ ಈ ನಕಲುಗಳಲ್ಲಿ ಮಾತ್ರ ಉಳಿದಿವೆ. ನಕಲುಗಾರ ವಿನ್ ಥರದ ಅಕ್ಷರಗಳನ್ನು ತಪ್ಪಾಗಿ ಓದಿದ್ದಾನೆ, ಆದರೆ ಕಂಡ ಆಕಾರವನ್ನೇ ಬರೆದಿದ್ದಾನೆ. ಅವನ ತಪ್ಪು ಎಲ್ಲಿ ಆಗಿರಬಹುದು ಅಂತ ನಾವು ಹೇಳಬಲ್ಲೆವು. ಭಾಷೆ ಬಲ್ಲ ಥೋರ್ಕೆಲಿನ್ ಕೆಲವೆಡೆ ಅರ್ಥ ನೋಡಿ ತುಂಬಿಸಿದ್ದಾನೆ. ಎಲ್ಲಿ ಕಂಡ, ಎಲ್ಲಿ ಊಹಿಸಿದ ಎಂಬುದು ಅವನ ಪ್ರತಿಯಿಂದ ಅಷ್ಟು ಸುಲಭಕ್ಕೆ ತಿಳಿಯುವುದಿಲ್ಲ. ಪುಟಗಳ ಹಿಂದಿನಿಂದ ಬೆಳಕು ಹಾಯಿಸಿ ತೆಗೆದ ಚಿತ್ರಗಳು ‘ಎಲೆಕ್ಟ್ರಾನಿಕ್ ಬಿಯೋವುಲ್ಫ್’ ಎಂಬ ಡಿಜಿಟಲ್ ಆವೃತ್ತಿಯಲ್ಲಿ ಇವೆ. ಹಾಳೆ ಕಾಪಾಡಲು 1845ರಲ್ಲಿ ಹಾಕಿದ ಕಾಗದದ ಚೌಕಟ್ಟಿನ ಕೆಳಗೆ ಮುಚ್ಚಿಹೋಗಿದ್ದ ಅಕ್ಷರಗಳು ಆ ಚಿತ್ರಗಳಲ್ಲಿ ಕಾಣುತ್ತವೆ. ಆ ನಕಲುಗಳ ಜೊತೆ ಹೋಲಿಸಲೂ ಬಹುದು.

ಹಿಲ್ಡೆಬ್ರಾಂಡನ ಹಾಳೆಗೂ ಗಂಡಾಂತರ ತಪ್ಪಲಿಲ್ಲ. 1945ರಲ್ಲಿ, ಯುದ್ಧ ಮುಗಿಯುವ ಹೊತ್ತಿಗೆ, ಗ್ರಂಥ ಕಳುವಾಗಿ ಅಮೆರಿಕ ಸೇರಿತು. 1955ರಲ್ಲಿ ಅದು ಮೊದಲಿದ್ದ ಜರ್ಮನಿಯ ಕಾಸೆಲ್ ಊರಿಗೆ ವಾಪಸ್ ಬಂದಾಗ ಮೊದಲ ಹಾಳೆ ಇರಲಿಲ್ಲ. ಅದು ಫಿಲಡೆಲ್ಫಿಯಾದಲ್ಲಿ ಸಿಕ್ಕಿ ಊರು ಸೇರಿದ್ದು 1972ರಲ್ಲಿ. ಅಲ್ಲಿಯವರೆಗೆ ಮೊದಲ ಪುಟದ ಬಗ್ಗೆ ಬರೆದವರಿಗೆಲ್ಲ ಹಳೆಯ ಫೋಟೋಗಳೇ ಆಧಾರ. ಈಗ ಎರಡೂ ಪುಟಗಳ ಚಿತ್ರ ಆನ್‌ಲೈನಿನಲ್ಲಿವೆ. ಯಾರು ಬೇಕಾದರೂ ನಮ್ಮ ಓದನ್ನು ಪುಟದ ಪಕ್ಕ ಇಟ್ಟು ನೋಡಬಹುದು. ನೋಡಬೇಕು ಅನ್ನುವುದೇ ನನ್ನ ಆಸೆ.

ಹಾಡಿಗೆ ಕೊನೆ ಇಲ್ಲ. ಗುರಾಣಿಗಳು ಚೂರಾಗುತ್ತಿರುವಾಗಲೇ ನಿಂತುಹೋಗುತ್ತದೆ. ನಮ್ಮ ಫೈಲಿನಲ್ಲಿ ಅಲ್ಲಿ ‘ಪಠ್ಯ ಇಲ್ಲ’ ಎಂಬ ಗುರುತು ಹಾಕಿ ಕಾರಣ ಬರೆಯಬೇಕು. ಆ ಹುಡುಗ ‘ಜಾಗ ಸಾಲಲಿಲ್ಲ’ ಅಂತ ತುಂಬಿಸಿದ. ಎಲ್ಲರೂ ಹಾಗೇ ಹೇಳುತ್ತಾರೆ, ನಾನೂ ಹಾಗೇ ನಂಬಿದ್ದೇನೆ. ಆದರೆ ಕಣ್ಣಿಗೆ ಕಾಣುವುದು ಪುಟ ತುಂಬಿದೆ ಅನ್ನುವುದಷ್ಟೇ. ಲಿಪಿಕಾರನ ಮುಂದಿದ್ದ ಪ್ರತಿಯೇ ಅಲ್ಲಿಗೆ ಮುಗಿದಿತ್ತೋ ಏನೋ. ಇಬ್ಬರೂ ಕೂತು ಮಾತಾಡಿದೆವು. ಈಗ ಗುರುತಿನಲ್ಲಿ ‘ಪುಟ ಮುಗಿದಿದೆ’ ಅಂತಿದೆ. ‘ಜಾಗ ಸಾಲಲಿಲ್ಲ’ ಎಂಬುದು ಟಿಪ್ಪಣಿಗೆ ಹೋಗಿದೆ, ಹಾಗೆ ಓದಿದವನ ಹೆಸರಿನ ಜೊತೆಗೆ.