ಸರ್ವೀಸ್ ದಾಖಲೆ ಇಲ್ಲದ ಸ್ಪೋರ್ಟ್ಸ್ ಕಾರು ತಗೊಳ್ಳಬಹುದಾ?

"ಕಾರು ನೋಡಿ ಬಂದೆ, ಮನಸ್ಸು ಸೋತಿದೆ. ಆದರೆ ಸರ್ವೀಸ್ ದಾಖಲೆ ಅರ್ಧಂಬರ್ಧ ಇದೆ. ತಗೊಳ್ಳಲಾ, ಬೇಡವಾ?" ಹಳೆಯ ಪೋರ್ಷೆಯೋ ಫೆರಾರಿಯೋ ಬಿಎಂಡಬ್ಲ್ಯೂ ಎಂ3ಯೋ ಹುಡುಕುತ್ತಿರುವವರು ನನ್ನನ್ನು ಹೆಚ್ಚಾಗಿ ಕೇಳುವುದು ಇದನ್ನೇ.

ತಗೊಳ್ಳಬಹುದು ಎನ್ನುವುದೇ ನನ್ನ ಉತ್ತರ. ಆದರೆ ಕಾಗದದಲ್ಲಿ ಸಿಗದ ಚರಿತ್ರೆಯನ್ನು ಕಾರಿನಿಂದಲೇ ಓದಿಕೊಳ್ಳಬೇಕು, ಅದಕ್ಕೆ ಮಾರುವವರು ಅವಕಾಶ ಕೊಡಬೇಕು. ಕೊಡದಿದ್ದರೆ ಕಾರು ಎಷ್ಟೇ ಚೆನ್ನಾಗಿರಲಿ, ನಾನು ಅಲ್ಲಿಂದ ಎದ್ದು ಬರುತ್ತೇನೆ.

ಮೊದಲು ದಾಖಲೆ ಅಂದರೇನು ಎನ್ನುವುದು ಸ್ಪಷ್ಟವಾಗಲಿ. ಸರ್ವೀಸ್ ಪುಸ್ತಕದ ಮುದ್ರೆಗಳಿಗೆ ನಾನು ಅಷ್ಟೊಂದು ಬೆಲೆ ಕೊಡುವುದಿಲ್ಲ. ಇಂಥ ದಿನ ಕಾರು ಗ್ಯಾರೇಜಿಗೆ ಬಂದಿತ್ತು ಎಂಬುದಕ್ಕಿಂತ ಹೆಚ್ಚೇನನ್ನೂ ಮುದ್ರೆ ಹೇಳುವುದಿಲ್ಲ. ಬಿಲ್ಲು ಹೇಳುತ್ತದೆ: ಯಾವ ಬಿಡಿಭಾಗ, ಯಾವ ದರ್ಜೆಯ ಆಯಿಲ್, ಆಗ ಮೀಟರ್ ಎಷ್ಟು ತೋರಿಸುತ್ತಿತ್ತು. ಒಂದೂ ಮುದ್ರೆ ಇಲ್ಲದೆ ಒಂದು ಕಟ್ಟು ಬಿಲ್ಲು ಮಾತ್ರ ಇರುವ ಕಾರನ್ನು ನಾನು ಸಂತೋಷದಿಂದ ನೋಡಲು ಹೋಗುತ್ತೇನೆ. ಜೊತೆಗೆ, ದಾಖಲೆಯಲ್ಲಿ ಯಾವ ವರ್ಷಗಳು ಕಾಣೆಯಾಗಿವೆ ಎಂಬುದನ್ನೂ ಗಮನಿಸಿ. ಮೊದಲ ಕೆಲವು ವರ್ಷಗಳ ಕಾಗದ ಕಳೆದು, ಆಮೇಲಿನದೆಲ್ಲ ಇದ್ದರೆ ಚಿಂತೆ ಕಡಿಮೆ. ಕೊನೆಯ ಮೂರು ನಾಲ್ಕು ವರ್ಷಗಳೇ ಖಾಲಿ ಇದ್ದರೆ, ದೊಡ್ಡ ಖರ್ಚು ಮುಂದೆ ಬಂದಾಗ ಮಾಲೀಕರು ಕೈಬಿಟ್ಟಿರಬಹುದೇ ಎಂಬ ಅನುಮಾನದಿಂದಲೇ ನೋಡಬೇಕು.

ಕಾಗದ ಇಲ್ಲದಿರುವುದು ಎಲ್ಲ ಕಾರಿಗೂ ಒಂದೇ ತೂಕದ ದೋಷವಲ್ಲ. 1990ರ ದಶಕದ ಫೆರಾರಿ ಎಫ್355ರಲ್ಲಿ ಟೈಮಿಂಗ್ ಬೆಲ್ಟ್ (ವಾಲ್ವುಗಳನ್ನು ಪಿಸ್ಟನ್ ಜೊತೆ ತಾಳ ತಪ್ಪದಂತೆ ನಡೆಸುವ ಪಟ್ಟಿ) ಬದಲಿಸಲು ಇಂಜಿನ್ನನ್ನೇ ಕೆಳಗಿಳಿಸಬೇಕು. ಬೆಲ್ಟಿಗೆ ಓಡಿದ ದೂರದಷ್ಟೇ ವಯಸ್ಸೂ ಮುಖ್ಯ, ನಿಂತಲ್ಲೇ ಅದು ಹಳತಾಗುತ್ತದೆ. ಅದನ್ನು ಯಾವಾಗ ಬದಲಿಸಿದ್ದು ಎಂಬ ಬಿಲ್ಲು ಇಲ್ಲವೆಂದರೆ ಬದಲಿಸಿಲ್ಲ ಎಂದೇ ಲೆಕ್ಕ. ಆಮೇಲೆ ಬಂದ ಎಫ್430ಯಲ್ಲಿ ಬೆಲ್ಟ್ ಹೋಗಿ ಚೈನ್ ಬಂತು, ಹಾಗಾಗಿ ಅಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ.

ಪೋರ್ಷೆ 911ರಲ್ಲಿ ವಿಷಯ ಇನ್ನೂ ಸೂಕ್ಷ್ಮ. 1990ರ ದಶಕದ ಕೊನೆಯಿಂದ 2008ರ ವರೆಗಿನ ಸಾಮಾನ್ಯ 911 ಮತ್ತು ಬಾಕ್ಸ್‌ಸ್ಟರ್ ಇಂಜಿನ್ನುಗಳ ಒಳಗೆ, ವಾಲ್ವುಗಳನ್ನು ನಡೆಸಲು ನೆರವಾಗುವ ಒಂದು ಮಧ್ಯಂತರ ಶಾಫ್ಟ್ ಇದೆ. ಅದರ ಒಂದು ತುದಿ ನಿಂತಿರುವುದು ಸೀಲ್ ಮಾಡಿದ ಬಾಲ್ ಬೇರಿಂಗ್ ಮೇಲೆ. ಆ ಬೇರಿಂಗ್ ಪುಡಿಯಾದರೆ ಟೈಮಿಂಗ್ ತಪ್ಪಿ ವಾಲ್ವುಗಳು ಪಿಸ್ಟನ್‌ಗೆ ಬಡಿಯುತ್ತವೆ, ಅಲ್ಲಿಗೆ ಇಂಜಿನ್ ಕಥೆ ಮುಗಿಯಿತು. ಅದೇ ಕಾಲದ ಟರ್ಬೊ ಮತ್ತು ಜಿಟಿ3 ಕಾರುಗಳದ್ದು ಬೇರೆಯೇ ಇಂಜಿನ್, ಅವಕ್ಕೆ ಈ ಕಾಟ ಇಲ್ಲ. 2005ರ ವರೆಗಿನ ಇಂಜಿನ್ನುಗಳಲ್ಲಿ ಸಾಮಾನ್ಯವಾಗಿ ಗೇರ್‌ಬಾಕ್ಸ್ ಇಳಿಸಿದಾಗ ಈ ಬೇರಿಂಗ್ ಕೈಗೆ ಸಿಗುತ್ತದೆ. ಕ್ಲಚ್ ಬದಲಿಸಲೂ ಗೇರ್‌ಬಾಕ್ಸ್ ಇಳಿಸಲೇಬೇಕು. ಹಾಗಾಗಿ ನಾನು ಕೇಳುವ ಮೊದಲ ಪ್ರಶ್ನೆ, "ಕ್ಲಚ್ ಹಾಕಿಸಿದ್ದು ಯಾವಾಗ? ಆಗ ಬೇರಿಂಗ್ ನೋಡಿದರಾ?" 2007ರಿಂದ 2013ರ ವರೆಗಿನ ವಿ8 ಎಂ3 ಆದರೆ ಪ್ರಶ್ನೆ ಕನೆಕ್ಟಿಂಗ್ ರಾಡ್ (ಪಿಸ್ಟನ್ನನ್ನು ಕ್ರ್ಯಾಂಕ್‌ಶಾಫ್ಟಿಗೆ ಜೋಡಿಸುವ ಕಡ್ಡಿ) ಬೇರಿಂಗುಗಳದ್ದು. ನೀವು ನೋಡುತ್ತಿರುವ ಮಾಡೆಲ್ಲಿನ ದೊಡ್ಡ ಕಾಯಿಲೆ ಯಾವುದು ಎಂದು ತಿಳಿದುಕೊಳ್ಳದೆ ಕಾರು ನೋಡಲು ಹೋಗಲೇಬೇಡಿ.

ಇನ್ನು ಕಾರನ್ನು ಓದುವ ಮಾತು. ನನಗೆ ಇಷ್ಟವಾದ ಭಾಗ ಇದೇ, ಏಕೆಂದರೆ ಇಸಿಯು, ಅಂದರೆ ಇಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್, ಮಾರುವವರ ಬಾಯಿಮಾತಿಗೆ ಬಗ್ಗುವುದಿಲ್ಲ. ಎಷ್ಟೋ ಪೋರ್ಷೆಗಳಲ್ಲಿ ಇಂಜಿನ್ ತನ್ನ ಮಿತಿ ಮೀರಿ ತಿರುಗಿದಾಗ ಎಷ್ಟು ಸಲ ಸ್ಪಾರ್ಕ್ ಆಯಿತು, ಕೊನೆಯ ಬಾರಿ ಹಾಗಾದದ್ದು ಇಂಜಿನ್ನಿನ ಎಷ್ಟನೇ ಗಂಟೆಯಲ್ಲಿ ಎಂಬುದು ದಾಖಲಾಗಿರುತ್ತದೆ. 997 ಎಂಬ 911ರ ತಲೆಮಾರಿನಲ್ಲಿ ಇದು ಆರು ಹಂತಗಳಲ್ಲಿದೆ, ಹಂತ ಮೇಲೇರಿದಷ್ಟೂ ಸುತ್ತುಗಳ ವೇಗ ಹೆಚ್ಚು. ಕೆಳಗಿನ ಹಂತಗಳಲ್ಲಿ ದೊಡ್ಡ ಸಂಖ್ಯೆ ಕಂಡು ಗಾಬರಿಯಾಗಬೇಡಿ, ಜೋರಾಗಿ ಓಡಿಸಿದರೆ ಅಷ್ಟು ಬರುತ್ತದೆ. ಮೇಲಿನ ಹಂತಗಳದ್ದೇ ಬೇರೆ. ಇಂಜಿನ್ ಮಿತಿ ಮೀರದಂತೆ ಕಾಯುವ ಲಿಮಿಟರ್ ಇಂಧನವನ್ನು ತಡೆಯಬಲ್ಲದು, ಆದರೆ ಐದನೇ ಗೇರಿನಿಂದ ನಾಲ್ಕಕ್ಕೆ ಹಾಕಲು ಹೋಗಿ ಎರಡಕ್ಕೆ ಹಾಕಿದವರನ್ನು ತಡೆಯಲಾರದು. ಆಗ ಚಕ್ರಗಳೇ ಇಂಜಿನ್ನನ್ನು ತಿರುಗಿಸುತ್ತವೆ. ಆರು ಸಿಲಿಂಡರಿನ ಇಂಜಿನ್ ನಿಮಿಷಕ್ಕೆ 8000 ಸುತ್ತು ತಿರುಗಿದರೆ ಸೆಕೆಂಡಿಗೆ 400 ಸ್ಪಾರ್ಕ್. ಅಂದರೆ ಮೇಲಿನ ಹಂತದಲ್ಲಿ ಕಾಣುವ 200 ಎಂಬ ಸಂಖ್ಯೆ ಬರೀ ಅರ್ಧ ಸೆಕೆಂಡಿನ ತಪ್ಪು. ವಾಲ್ವ್ ಸ್ಪ್ರಿಂಗಿಗೆ, ರಾಡ್ ಬೋಲ್ಟಿಗೆ ಆ ಅರ್ಧ ಸೆಕೆಂಡೇ ಸಾಕಾಗಬಹುದು. ಅದು ಕಳೆದ ತಿಂಗಳು ಆದದ್ದೋ, ಆದ ಮೇಲೆ ಇಂಜಿನ್ ಮುನ್ನೂರು ಗಂಟೆ ಆರಾಮಾಗಿ ಓಡಿದೆಯೋ ನೋಡಿ. ಎರಡನೆಯದಾದರೆ ನಾನು ಅಷ್ಟಾಗಿ ಹೆದರುವುದಿಲ್ಲ.

ಅದೇ ಗಂಟೆಗಳಿಂದ ಮೀಟರ್ ತಿರುವಿದ್ದಾರೆಯೇ ಎಂಬುದನ್ನೂ ಅಂದಾಜು ಮಾಡಬಹುದು. ಮೀಟರಿನಲ್ಲಿರುವ ಕಿಲೋಮೀಟರನ್ನು ಗಂಟೆಗಳಿಂದ ಭಾಗಿಸಿ. 40,000 ಕಿ.ಮೀ.ಗೆ 1000 ಗಂಟೆಯಾದರೆ ಸರಾಸರಿ ವೇಗ 40, ನಂಬುವ ಮಾತು. 3000 ಗಂಟೆ ತೋರಿಸಿದರೆ ಸರಾಸರಿ 13ರ ಆಸುಪಾಸು. ಆ ಕಾರು ಬದುಕಿಡೀ ಟ್ರಾಫಿಕ್ಕಿನಲ್ಲೇ ತೆವಳಿರಬೇಕು, ಇಲ್ಲವೇ ಮೀಟರ್ ಸುಳ್ಳು ಹೇಳುತ್ತಿರಬೇಕು. ಸ್ಕ್ಯಾನರಿನಲ್ಲಿ ಒಂದೂ ದೋಷ ಕಾಣದೆ, ಸ್ವಯಂ ಪರೀಕ್ಷೆಗಳೆಲ್ಲ "ಪೂರ್ಣಗೊಂಡಿಲ್ಲ" ಎಂದು ತೋರಿಸಿದರೆ, ಬ್ಯಾಟರಿ ಈಚೆಗೆ ಕಳಚಿದ್ದರಾ ಎಂದು ಕೇಳಿ. ಇಲ್ಲವೆಂದರೆ ನೀವು ಬರುವ ಮುಂಚೆ ಯಾರೋ ದೋಷದ ಕೋಡ್ ಅಳಿಸಿರಬಹುದು, ಅಳಿಸಿದಾಗ ಆ ಪರೀಕ್ಷೆಗಳೂ ಹೊಸದಾಗಿ ಶುರುವಾಗುತ್ತವೆ.

ಕಾರನ್ನು ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ಹೋದ ತಕ್ಷಣ ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡುವ ಅಭ್ಯಾಸ ಒಳ್ಳೆಯದು, ಇಂಜಿನ್ ಹಿಂದಿದ್ದರೆ ಹಿಂದಿನ ಮುಚ್ಚಳದ ಮೇಲೆ. ಬಿಸಿಯಾದ ಇಂಜಿನ್ ಎಷ್ಟೋ ಸದ್ದುಗಳನ್ನು ಮುಚ್ಚಿಡುತ್ತದೆ. ಆಮೇಲೆ ಆ ಮಾಡೆಲ್ ಬಲ್ಲ ಮೆಕ್ಯಾನಿಕ್ ಕೈಯಲ್ಲಿ ಲೀಕ್‌ಡೌನ್ ಪರೀಕ್ಷೆ (ಸಿಲಿಂಡರಿಗೆ ಒತ್ತಡದ ಗಾಳಿ ತುಂಬಿ ಸೋರಿಕೆ ನೋಡುವುದು) ಮಾಡಿಸಿ. ಕಂಪ್ರೆಷನ್ ಪರೀಕ್ಷೆ ಯಾವ ಸಿಲಿಂಡರ್ ಸೋತಿದೆ ಎಂದಷ್ಟೇ ಹೇಳುತ್ತದೆ. ಲೀಕ್‌ಡೌನಿನಲ್ಲಿ ಗಾಳಿ ರಿಂಗಿನಿಂದ ಸೋರುತ್ತಿದೆಯೋ ವಾಲ್ವಿನಿಂದಲೋ ಎಂಬುದು ಕಿವಿಗೇ ಕೇಳಿಸುತ್ತದೆ. ಸಿಲಿಂಡರ್ ಗೋಡೆಗೆ ಗೀರು ಬೀಳುವ ಕಾಯಿಲೆಯ ಇಂಜಿನ್ನಾದರೆ ಬೋರ್‌ಸ್ಕೋಪ್ ಎಂಬ ಸಣ್ಣ ಕ್ಯಾಮೆರಾ ಇಳಿಸಿ ನೋಡಲೇಬೇಕು.

ಟೈರಿನ ಪಕ್ಕದ ನಾಲ್ಕು ಅಂಕಿಗಳನ್ನು ಓದಿ: 2318 ಎಂದರೆ 2018ರ 23ನೇ ವಾರ. ಹಿಂದಿನ ಜೋಡಿ ಒಂದು ಕಂಪನಿ, ಮುಂದಿನದು ಇನ್ನೊಂದು, ಎಲ್ಲವೂ ಹತ್ತು ವರ್ಷ ಹಳೆಯವು ಎಂದರೆ ಕಾಣದ ಕಡೆಯೂ ಹೀಗೇ ಉಳಿತಾಯ ಮಾಡಿರುತ್ತಾರೆ. ಕಾರ್ಬನ್ ಸೆರಾಮಿಕ್ ಬ್ರೇಕ್ ಇದ್ದರೆ ಡಿಸ್ಕಿನ ಸವೆತ ದಪ್ಪದಿಂದ ಮಾತ್ರ ಗೊತ್ತಾಗುವುದಿಲ್ಲ. ಕನಿಷ್ಠ ತೂಕವನ್ನು ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ ಬರೆದಿರುತ್ತಾರೆ, ಬಿಚ್ಚಿ ತೂಗಿ ನೋಡಬೇಕು.

"ಬರೀ ಎಂಟು ಸಾವಿರ ಓಡಿದೆ, ಸರ್ವೀಸ್ ಬೇಕಾಗಲೇ ಇಲ್ಲ" ಎನ್ನುವವರನ್ನು ಕಂಡರೆ ನನಗೆ ನಿಜಕ್ಕೂ ಭಯ. ಓಡದ ಕಾರಿನ ಸೀಲುಗಳು ಒಣಗುತ್ತವೆ, ಬ್ರೇಕ್ ಆಯಿಲ್ ತೇವ ಹೀರುತ್ತದೆ, ಇಂಧನ ಕೆಡುತ್ತದೆ. ದಾಖಲೆ ಸಮೇತ ಒಂದು ಲಕ್ಷ ಕಿ.ಮೀ. ಓಡಿದ ಕಾರು ಮತ್ತು ದಾಖಲೆಯಿಲ್ಲದೆ ನಿಂತೇ ಇದ್ದ ಕಾರು ಎರಡೂ ಮುಂದಿದ್ದರೆ ನಾನು ಕಣ್ಣು ಮುಚ್ಚಿ ಮೊದಲನೆಯದರ ಕೀ ಕೇಳುತ್ತೇನೆ.

ಇಷ್ಟೆಲ್ಲ ಸರಿಕಂಡರೂ ಬಿಲ್ಲಿಲ್ಲದ ಪ್ರತಿ ಕೆಲಸವನ್ನೂ ಆಗಿಲ್ಲವೆಂದೇ ಬರೆದುಕೊಂಡು, ಆ ಮೊತ್ತವನ್ನು ಬೆಲೆಯಿಂದ ಕಳೆಯಿರಿ. ಮಾರುವವರು ಒಪ್ಪಿ ಕಾರು ಮನೆಗೆ ಬಂದರೆ ಮೊದಲ ವಾರವೇ ಆಯಿಲ್ ಬದಲಿಸಿ. ಹಳೆಯ ಫಿಲ್ಟರನ್ನು ಕತ್ತರಿಸಿ ಮಡಿಕೆಗಳಲ್ಲಿ ಮಿನುಗುವ ಲೋಹದ ಚೂರು ಇದೆಯೇ ನೋಡಿ, ಆಯಿಲ್‌ನ ಮಾದರಿಯನ್ನು ಲ್ಯಾಬಿಗೆ ಕಳಿಸಿ. ಎಷ್ಟೋ ಇಂಜಿನ್ನುಗಳಲ್ಲಿ ರಾಡ್ ಬೇರಿಂಗ್ ಸವೆಯುತ್ತಿದ್ದರೆ ಸೀಸ, ತಾಮ್ರದ ಪ್ರಮಾಣ ಏರಿರುತ್ತದೆ. ಎರಡು ಮೂರು ಸಾವಿರ ಕಿ.ಮೀ. ಆದಮೇಲೆ ಇನ್ನೊಂದು ಮಾದರಿ ಕಳಿಸಿ ಎರಡನ್ನೂ ಹೋಲಿಸಿ. ಆ ಎರಡನೇ ವರದಿ ಕೈಗೆ ಬರುವವರೆಗೆ ಟ್ಯಾಕೋಮೀಟರಿನ ಮುಳ್ಳನ್ನು ಕೆಂಪು ಗೆರೆಯ ಹತ್ತಿರ ಒಯ್ಯಬೇಡಿ.