"ಅದು ಪ್ರೊಟೆಸ್ಟೆಂಟರ ಟೀಮಲ್ವಾ?" ಎನ್ನುವವರಿಗೆ

ಉತ್ತರ ಐರ್ಲೆಂಡ್ ಫುಟ್‌ಬಾಲ್ ತಂಡದ ಮಾತೆತ್ತಿದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ಅಲ್ಲಿನ ರಾಜಧಾನಿ ಬೆಲ್‌ಫಾಸ್ಟ್‌ಗೆ ಓದಲಿಕ್ಕೆ ಹೊರಟವರು ಕೇಳುತ್ತಾರೆ. ಬೆಂಗಳೂರಿನಲ್ಲಿ ನಿದ್ದೆಗೆಟ್ಟು ಪ್ರೀಮಿಯರ್ ಲೀಗ್ ನೋಡುವವರೂ ಕೇಳುತ್ತಾರೆ. "ಅದು ಪ್ರೊಟೆಸ್ಟೆಂಟರ ಟೀಮಲ್ವಾ? ಕ್ಯಾಥೊಲಿಕ್ ಆಟಗಾರರನ್ನ ಅವರ ಫ್ಯಾನ್ಸೇ ಬೈತಾರಂತೆ?" ಹೇಳಿ ಹೇಳಿ ಸಾಕಾಗಿದೆ. ಇಲ್ಲಿ ಬರೆದಿಡುತ್ತೇನೆ, ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ತಂಡ ಪ್ರೊಟೆಸ್ಟೆಂಟರದ್ದಲ್ಲ. 1982ರ ವಿಶ್ವಕಪ್ ನೋಡಿ. ಜೂನ್ 25ರಂದು ವೆಲೆನ್ಸಿಯಾದಲ್ಲಿ ಆತಿಥೇಯ ಸ್ಪೇನನ್ನು 1-0ರಿಂದ ಸೋಲಿಸಿದರಲ್ಲ, ಆ ಗೋಲು ಹೊಡೆದ ಜೆರಿ ಆರ್ಮ್‌ಸ್ಟ್ರಾಂಗ್ ಪಶ್ಚಿಮ ಬೆಲ್‌ಫಾಸ್ಟ್‌ನ ಕ್ಯಾಥೊಲಿಕ್. ನಾಯಕ ಮಾರ್ಟಿನ್ ಓನೀಲ್ ಕ್ಯಾಥೊಲಿಕ್. ಗೋಲ್‌ಕೀಪರ್ ಪ್ಯಾಟ್ ಜೆನಿಂಗ್ಸ್ ಕ್ಯಾಥೊಲಿಕ್. ಅದೇ ತಂಡದಲ್ಲಿದ್ದ 17 ವರ್ಷದ ನಾರ್ಮನ್ ವೈಟ್‌ಸೈಡ್ ಅಪ್ಪಟ ಪ್ರೊಟೆಸ್ಟೆಂಟ್ ಬಡಾವಣೆಯಾದ ಶ್ಯಾಂಕಿಲ್‌ನ ಹುಡುಗ. ಬ್ರಿಟನ್ ಜೊತೆಗೇ ಇರಬೇಕೆನ್ನುವ ಪ್ರೊಟೆಸ್ಟೆಂಟರಿಗೂ ಐರ್ಲೆಂಡ್ ಜೊತೆ ಸೇರಬೇಕೆನ್ನುವ ಕ್ಯಾಥೊಲಿಕರಿಗೂ ಜಗಳ ಹತ್ತಿ ಬೀದಿಯಲ್ಲಿ ಬಾಂಬು ಸಿಡಿಯುತ್ತಿದ್ದ ವರ್ಷಗಳಲ್ಲಿ ಇವರೆಲ್ಲ ಒಂದೇ ಡ್ರೆಸ್ಸಿಂಗ್ ರೂಮಿನಲ್ಲಿ ಕೂತು ಬೂಟು ಕಟ್ಟಿಕೊಂಡವರು.

ಗ್ಯಾಲರಿಯ ಮಾತು ಬೇರೆ. ಅಲ್ಲಿ ನಡೆದದ್ದನ್ನು ನಾನು ಮುಚ್ಚಿಡುವುದಿಲ್ಲ. ಆದರೆ "ಕ್ಯಾಥೊಲಿಕ್ ಅಂತ ಬೈತಾರೆ" ಎಂದರೆ ಅರ್ಧ ಮಾತು ಮಾತ್ರ ಹೇಳಿದಂತಾಗುತ್ತದೆ. ಬೆಲ್‌ಫಾಸ್ಟ್‌ನಲ್ಲಿ ಪಂಗಡದ್ವೇಷ ಮೈದಾನಕ್ಕೆ ಬರುವುದು ಅಂಗಿ ತೊಟ್ಟುಕೊಂಡು. ಯಾವ ಕ್ಲಬ್ಬಿನ ಅಂಗಿ ಎನ್ನುವುದರಲ್ಲೇ ನೀನು ಬ್ರಿಟಿಷನೋ ಐರಿಷನೋ ಎಂಬ ಲೆಕ್ಕ ಮುಗಿದಿರುತ್ತದೆ. ಬೈಬಲ್ಲಿನ ವ್ಯಾಖ್ಯಾನಕ್ಕಾಗಿ ಅಲ್ಲಿ ಯಾರೂ ಕಲ್ಲೆಸೆಯುವುದಿಲ್ಲ.

ರಾಷ್ಟ್ರೀಯ ತಂಡ ಆಡುವ ವಿಂಡ್ಸರ್ ಪಾರ್ಕ್ ಲಿನ್‌ಫೀಲ್ಡ್ ಕ್ಲಬ್ಬಿನ ಮನೆ. 1886ರಲ್ಲಿ ಹುಟ್ಟಿದ ಈ ಕ್ಲಬ್ಬಿನ ಬೆಂಬಲಿಗರು ಹೆಚ್ಚಾಗಿ ಪ್ರೊಟೆಸ್ಟೆಂಟ್ ಕಾರ್ಮಿಕರು. ಇದರ ಎದುರಾಳಿ ಕ್ಯಾಥೊಲಿಕರ ಬೆಂಬಲದ ಬೆಲ್‌ಫಾಸ್ಟ್ ಸೆಲ್ಟಿಕ್. 1948ರ ಡಿಸೆಂಬರ್ 27ರಂದು ಇದೇ ಮೈದಾನದಲ್ಲಿ ಪಂದ್ಯ ಮುಗಿದ ಕೂಡಲೇ ಜನ ನುಗ್ಗಿ ಸೆಲ್ಟಿಕ್‌ನ ಜಿಮ್ಮಿ ಜೋನ್ಸ್‌ರ ಕಾಲು ಮುರಿದರು. ಜೋನ್ಸ್ ಸ್ವತಃ ಪ್ರೊಟೆಸ್ಟೆಂಟ್. ಅಂಗಿ ಮಾತ್ರ ಹಸಿರು-ಬಿಳಿ ಪಟ್ಟೆಯದ್ದು. ಮರುವರ್ಷ ಬೆಲ್‌ಫಾಸ್ಟ್ ಸೆಲ್ಟಿಕ್ ಲೀಗನ್ನೇ ಬಿಟ್ಟುಹೋಯಿತು.

ಇನ್ನು ಎಲ್ಲರೂ ಎತ್ತುವ ನೀಲ್ ಲೆನನ್ ಪ್ರಕರಣ. ಲರ್ಗನ್ ಊರಿನ ಲೆನನ್ ಕ್ಯಾಥೊಲಿಕ್. 1994ರಿಂದ ದೇಶಕ್ಕೆ ಆಡಿದರು. ಇಂಗ್ಲೆಂಡಿನಲ್ಲಿ ಕ್ರೂ, ಆಮೇಲೆ ಲೆಸ್ಟರ್ ಕ್ಲಬ್ಬಿನಲ್ಲಿದ್ದಷ್ಟು ಕಾಲ ವಿಂಡ್ಸರ್ ಪಾರ್ಕಿನಲ್ಲಿ ಅವರಿಗೆ ದೊಡ್ಡ ತೊಂದರೆಯೇನೂ ಆಗಲಿಲ್ಲ. 2000ದ ಡಿಸೆಂಬರಿನಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಕ್ಯಾಥೊಲಿಕರ ಕ್ಲಬ್ಬೆಂದೇ ಹೆಸರಾದ ಸೆಲ್ಟಿಕ್ ಸೇರಿದರು. ಮೂರು ತಿಂಗಳೂ ಕಳೆದಿರಲಿಲ್ಲ, 2001ರ ಫೆಬ್ರವರಿಯಲ್ಲಿ ನಾರ್ವೆ ವಿರುದ್ಧದ ಪಂದ್ಯದಲ್ಲಿ ಚೆಂಡು ಅವರ ಕಾಲಿಗೆ ಬಂದಾಗಲೆಲ್ಲ ಸ್ವಂತ ಅಭಿಮಾನಿಗಳೇ ಬೂ ಎಂದು ಕೂಗಿದರು. ಮನುಷ್ಯ ಅದೇ, ಧರ್ಮ ಅದೇ, ಬದಲಾದದ್ದು ಕ್ಲಬ್ಬು. 1980ರ ದಶಕದ ಕೊನೆಯಲ್ಲಿ ಸೆಲ್ಟಿಕ್‌ನವರೇ ಆದ ಆಂಟನ್ ರೋಗನ್‌ಗೂ ಹೀಗೆಯೇ ಆಗಿತ್ತು.

2002ರ ಆಗಸ್ಟ್ 21ರಂದು ಸೈಪ್ರಸ್ ವಿರುದ್ಧ ಲೆನನ್ ನಾಯಕತ್ವ ವಹಿಸಬೇಕಿತ್ತು. ಪಂದ್ಯಕ್ಕೆ ಕೆಲವೇ ಗಂಟೆ ಇದ್ದಾಗ ಬೆಲ್‌ಫಾಸ್ಟ್‌ನ ಬಿಬಿಸಿ ಕಚೇರಿಗೆ ಒಂದು ಕರೆ ಬಂತು: ಮೈದಾನಕ್ಕಿಳಿದರೆ ಲೆನನ್ ಜೀವಕ್ಕೆ ಅಪಾಯ. ಪೊಲೀಸರು ವಿಷಯ ತಿಳಿಸಿದರು. ಲೆನನ್ ಮನೆಗೆ ಹೋದರು. ಪಂದ್ಯ ನಡೆಯಿತು, 0-0. ದೇಶಕ್ಕಾಗಿ 40 ಪಂದ್ಯ ಆಡಿದವರು ಆಮೇಲೆ ಆ ಅಂಗಿ ಮುಟ್ಟಲಿಲ್ಲ.

ಕರೆ ಮಾಡಿದವನು ಒಬ್ಬ, ಗ್ಯಾಲರಿಯಲ್ಲಿ ಸಾವಿರಾರು ಜನ ಎಂದು ತಪ್ಪಿಸಿಕೊಳ್ಳುವವರು ನಮ್ಮ ಕಡೆಯೂ ಇದ್ದಾರೆ. ಆ ವಾದ ನನಗೆ ಬೇಡ. ಬೂ ಎಂದವರು ಹತ್ತಾರು ಜನವಾಗಿದ್ದರೂ ಉಳಿದವರು ಸುಮ್ಮನಿದ್ದರು. ಕರೆ ಮಾಡಿದವನಿಗೆ ಧೈರ್ಯ ಕೊಟ್ಟದ್ದು ಆ ಮೌನವೇ.

ಈಗ ನೀವು ಕೇಳದ, ಕೇಳಬೇಕಿದ್ದ ಪ್ರಶ್ನೆ: ಅಂಥ ಗ್ಯಾಲರಿಯನ್ನು ಬದಲಾಯಿಸಿದ್ದು ಹೇಗೆ? ಏಕೆಂದರೆ ಬದಲಾಯಿಸಿದರು. 2006ರಲ್ಲಿ ಅದೇ ಅಭಿಮಾನಿಗಳಿಗೆ ಬ್ರಸೆಲ್ಸ್ ಅಂತರರಾಷ್ಟ್ರೀಯ ಬೆಂಬಲಿಗರ ಪ್ರಶಸ್ತಿ ಬಂತು. 2016ರ ಯೂರೊ ಕಪ್ಪಿನ ನಂತರ ಪ್ಯಾರಿಸ್ ನಗರ ಉತ್ತರ ಐರ್ಲೆಂಡ್, ಐರ್ಲೆಂಡ್ ಗಣರಾಜ್ಯ ಎರಡೂ ತಂಡಗಳ ಅಭಿಮಾನಿಗಳಿಗೆ ಪದಕ ಕೊಟ್ಟು ಗೌರವಿಸಿತು.

ಮೈಕಿನಲ್ಲಿ "ದ್ವೇಷದ ಹಾಡು ಹಾಡಬೇಡಿ" ಎಂದರೆ ಏನೂ ಆಗುವುದಿಲ್ಲ. ಹಾಡುವವನಿಗೆ ಅದು ಸವಾಲು, ಇನ್ನೂ ಜೋರಾಗಿ ಹಾಡುತ್ತಾನೆ. ಗ್ಯಾಲರಿಯ ಒಂದಿಡೀ ಸಾಲಿನ ಜನರನ್ನೇ ಎತ್ತಿ ಹೊರಗೆ ಹಾಕಿದರೆ ತಪ್ಪಿಲ್ಲದವರೂ ತಪ್ಪು ಮಾಡಿದವರ ಪಕ್ಷ ಸೇರುತ್ತಾರೆ. ಫುಟ್‌ಬಾಲ್ ಸಂಸ್ಥೆ "ಎಲ್ಲರಿಗಾಗಿ ಫುಟ್‌ಬಾಲ್" ಎಂಬ ಅಭಿಯಾನ ನಡೆಸಿತು, ಸಮುದಾಯ ಸಂಬಂಧಕ್ಕೆಂದೇ ಒಬ್ಬ ಅಧಿಕಾರಿಯನ್ನು ನೇಮಿಸಿತು, ಎಲ್ಲ ಸರಿ. ಕೆಲಸ ಕೈಗೂಡಿದ್ದು ಮಾತ್ರ ಅಭಿಮಾನಿ ಸಂಘಗಳು ತಾವೇ ಗ್ಯಾಲರಿಯ ಒಳಗೆ ನಿಂತು ಮಾಡಿದಾಗ.

ಮೊದಲು ಹಿಡಿದದ್ದು ಅಂಗಿಯನ್ನೇ. ಅಂತರರಾಷ್ಟ್ರೀಯ ಪಂದ್ಯಕ್ಕೆ ಲಿನ್‌ಫೀಲ್ಡ್‌ನ ನೀಲಿಯೂ ಬೇಡ, ಗ್ಲಾಸ್ಗೋದಲ್ಲಿ ಸೆಲ್ಟಿಕ್‌ಗೆ ಎದುರಾಳಿಯಾದ, ಪ್ರೊಟೆಸ್ಟೆಂಟರ ಬೆಂಬಲದ ರೇಂಜರ್ಸ್ ಕ್ಲಬ್ಬಿನ ನೀಲಿಯೂ ಬೇಡ, ಎಲ್ಲರೂ ತಂಡದ ಹಸಿರನ್ನೇ ತೊಡಿ ಎಂದರು. "ಹಸಿರು ಸಮುದ್ರ" ಎಂದೇ ಇದಕ್ಕೆ ಹೆಸರು. ಅಂಗಡಿ ಮಾರಾಟದ ಉಪಾಯದಂತೆ ಕಾಣಬಹುದು, ಅಲ್ಲ. ನೀಲಿ ಅಂಗಿ ಬಂದರೆ ಅದರ ಬೆನ್ನಿಗೇ ಗ್ಲಾಸ್ಗೋದ ಜಗಳ, ಆ ಜಗಳದ ಹಾಡುಗಳು ಎಲ್ಲವೂ ಒಳಗೆ ಬರುತ್ತವೆ. ಎಲ್ಲ ಹಸಿರಾದಾಗ ನೀಲಿ ತೊಟ್ಟವನು ಒಂಟಿಯಾಗುತ್ತಾನೆ, ಒಂಟಿಯಾದವನು ಹಾಡು ಎತ್ತುವುದಿಲ್ಲ.

ಆಮೇಲೆ ಡ್ರಮ್ಮು. ದ್ವೇಷದ ಹಾಡು ಹುಟ್ಟುವುದು ಆಟ ಸಪ್ಪೆಯಾಗಿ ಗ್ಯಾಲರಿ ಸುಮ್ಮನಾದಾಗ. ಏಳೆಂಟು ಜನ ಮೊದಲ ಸಾಲು ಎತ್ತುತ್ತಾರೆ, ಎರಡನೆಯ ಸಾಲಿಗೆ ಅಕ್ಕಪಕ್ಕದವರು ಸೇರದಿದ್ದರೆ ಅದು ಅಲ್ಲೇ ಸಾಯುತ್ತದೆ. ಹಾಗಾಗಿ ಆ ಮೌನವನ್ನೇ ಬಿಡಬಾರದು. ಡ್ರಮ್ಮು ಬಾರಿಸುವವರು ಗುಂಪಿನ ನಡುವೆ ಇರಬೇಕು, ಮೊದಲ ಸಾಲು ಮುಗಿಯುವ ಮುಂಚೆ ಬೇರೆ ಹಾಡು ಎದ್ದಿರಬೇಕು, ಆ ಹಾಡು ಮಗುವಿಗೂ ಬಾಯಿಪಾಠ ಬರುವಷ್ಟು ಚಿಕ್ಕದಾಗಿರಬೇಕು. ಬೇಡ ಎನ್ನುವುದಕ್ಕಿಂತ ಬೇರೊಂದನ್ನು ಕೈಗೆ ಕೊಡಬೇಕು, ಇಷ್ಟೇ ತಂತ್ರ. ತಮಾಷೆಯ ಹಾಡುಗಳೇ ಗೆದ್ದವು, ನಗುವ ಬಾಯಿಯಲ್ಲಿ ಶಾಪದ ಹಾಡು ಬರುವುದು ಕಷ್ಟ. ಹಳಬರು ತಮ್ಮ ಪಕ್ಕದವನಿಗೆ ತಾವೇ "ಇಲ್ಲಿ ಬೇಡಪ್ಪ" ಎಂದರು. ಯಾವ ಪೊಲೀಸಪ್ಪ ಹೇಳಿದರೂ ಅಷ್ಟು ನಾಟುತ್ತಿರಲಿಲ್ಲ. ಅದೃಷ್ಟವೂ ಕೂಡಿತು: 2005ರ ಸೆಪ್ಟೆಂಬರ್ 7ರಂದು ಡೇವಿಡ್ ಹೀಲಿ ಗೋಲಿನಿಂದ ಇಂಗ್ಲೆಂಡ್ ಸೋತಿತು, ಮರುವರ್ಷ ಅದೇ ಹೀಲಿ ಸ್ಪೇನ್ ವಿರುದ್ಧ ಮೂರು ಗೋಲು ಹೊಡೆದರು. ಹಾಡಲಿಕ್ಕೆ ಒಳ್ಳೆಯ ಕಾರಣ ಇದ್ದಾಗ ಕೆಟ್ಟ ಹಾಡಿಗೆ ಜಾಗ ಸಿಗುವುದಿಲ್ಲ. 2016ರ ಯೂರೊಗೆ ತಂಡವನ್ನು ಕರೆದೊಯ್ದ ಮೈಕೆಲ್ ಓನೀಲ್ ಕ್ಯಾಥೊಲಿಕ್, ಅವರ ಹೆಸರನ್ನೇ ಅದೇ ಗ್ಯಾಲರಿ ಹಾಡಾಗಿಸಿತು.

ಹಾಗಾದರೆ ಎಲ್ಲ ಸರಿಹೋಯಿತೇ? ಇಲ್ಲ. ಡ್ರಮ್ಮಿನಿಂದ ಆಗದ ಕೆಲಸ ಒಂದು ಉಳಿದಿದೆ. ಪಂದ್ಯಕ್ಕೆ ಮುಂಚೆ ಇಂದಿಗೂ ಬ್ರಿಟಿಷ್ ರಾಜಗೀತೆಯನ್ನೇ ನುಡಿಸುತ್ತಾರೆ. ಅದರ ನಡುವೆ ಕೆಲವರು 1689ರಲ್ಲಿ ಕ್ಯಾಥೊಲಿಕ್ ರಾಜನ ಸೇನೆ ಡೆರ್ರಿ ಊರನ್ನು ಮುತ್ತಿದಾಗ ಒಳಗಿದ್ದ ಪ್ರೊಟೆಸ್ಟೆಂಟರು ಕೂಗಿದ್ದ "ಶರಣಾಗೆವು" ಘೋಷಣೆ ತೂರಿಸುತ್ತಾರೆ. ಸ್ಕಾಟ್ಲೆಂಡಿಗೆ, ವೇಲ್ಸಿಗೆ ತಮ್ಮದೇ ಹಾಡಿದೆ. ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಉತ್ತರ ಐರ್ಲೆಂಡಿನವರು ಗೆದ್ದರೆ ನುಡಿಸುವುದು ಲಂಡನ್‌ಡೆರ್ರಿ ರಾಗ, ಅದರಿಂದ ಯಾರ ಮನಸ್ಸೂ ನೋಯುವುದಿಲ್ಲ. ಫುಟ್‌ಬಾಲಿಗೆ ಮಾತ್ರ ಏಕೆ ಆಗದು? ಈ ಪ್ರಶ್ನೆಯನ್ನು ನಾನು ಸಂಸ್ಥೆಯವರಿಗೂ ಅಭಿಮಾನಿ ಗೆಳೆಯರಿಗೂ ಕೇಳುತ್ತಲೇ ಇರುತ್ತೇನೆ.

ಇದು ಬರೀ ಭಾವನೆಯ ಮಾತಲ್ಲ, ಆಟಗಾರರ ಲೆಕ್ಕ. ಆ ಹಳೆಯ ಜಗಳಕ್ಕೆ ತೆರೆ ಎಳೆದ 1998ರ ಗುಡ್ ಫ್ರೈಡೇ ಒಪ್ಪಂದದ ಪ್ರಕಾರ ಅಲ್ಲಿ ಹುಟ್ಟಿದವರು ಬ್ರಿಟಿಷ್, ಐರಿಷ್ ಅಥವಾ ಎರಡೂ ಆಗಿರಬಹುದು. ಉತ್ತರದಲ್ಲಿ ಹುಟ್ಟಿದ ಐರಿಷ್ ಪ್ರಜೆ ಐರ್ಲೆಂಡ್ ಗಣರಾಜ್ಯದ ತಂಡಕ್ಕೆ ಆಡಬಹುದೆಂದು ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ 2010ರಲ್ಲಿ ಎತ್ತಿಹಿಡಿಯಿತು. ಡೆರ್ರಿಯ ಡ್ಯಾರನ್ ಗಿಬ್ಸನ್, ಶೇನ್ ಡಫಿ, ಜೇಮ್ಸ್ ಮೆಕ್ಲೀನ್ ಮೂವರೂ ಹಾಗೆ ಆ ಕಡೆ ಹೋದವರು. ಇತ್ತ ಲಿವರ್‌ಪೂಲ್‌ನಲ್ಲಿ ಹೆಸರು ಮಾಡಿದ ಕಾನರ್ ಬ್ರ್ಯಾಡ್ಲಿ, ಟೈರೋನ್ ಜಿಲ್ಲೆಯಲ್ಲಿ, ಐರಿಷ್ ಕ್ಯಾಥೊಲಿಕರ ಆಟವೆನಿಸಿದ ಗೇಲಿಕ್ ಫುಟ್‌ಬಾಲ್ ಆಡಿ ಬೆಳೆದ ಹುಡುಗ, ಉತ್ತರ ಐರ್ಲೆಂಡಿನ ಅಂಗಿಯನ್ನೇ ಆರಿಸಿಕೊಂಡು ನಾಯಕನೂ ಆದ. ಬೆಲ್‌ಫಾಸ್ಟ್‌ನಲ್ಲಿ ಪಂದ್ಯ ನೋಡಲು ಹೋದರೆ ರಾಜಗೀತೆ ನುಡಿಸುವಾಗ ಗ್ಯಾಲರಿ ಕಡೆ ತಿರುಗಬೇಡಿ, ಮೈದಾನದಲ್ಲಿ ಸಾಲಾಗಿ ನಿಂತ ಹನ್ನೊಂದು ಮುಖಗಳನ್ನು ನೋಡಿ. ಯಾರು ಹಾಡುತ್ತಿದ್ದಾರೆ, ಯಾರು ತಲೆ ತಗ್ಗಿಸಿ ಬೂಟು ನೋಡುತ್ತಿದ್ದಾರೆ ಎನ್ನುವುದು ಅಲ್ಲಿಂದಲೇ ಕಾಣುತ್ತದೆ.